ಮೂರನೆಯ ಅಳತೆ

ಆ ದಿನ ಎಂಟೂವರೆಗೆ ಹೆಂಗಸರ ಸಾಲು, ಹತ್ತೂವರೆಗೆ ಗಂಡಸರದು. ಒಬ್ಬೊಬ್ಬರಿಗೂ ಮೊದಲು ವಯಸ್ಸು, ಆಮೇಲೆ ಎತ್ತರ, ತೂಕ, ಕೊನೆಗೆ ಪರದೆಯ ಹಿಂದೆ ಸೊಂಟ. ಬೊಜ್ಜು ಗಂಡಸರಲ್ಲಿ ಯಾವ ವಯಸ್ಸಿಗೆ ಹೊಟ್ಟೆ ಸೇರುತ್ತದೆ, ಹೆಂಗಸರಲ್ಲಿ ಯಾವಾಗ ತೊಡೆ ಬಿಟ್ಟು ಹೊಟ್ಟೆಗೆ ಬರುತ್ತದೆ ಎಂದು ತಿಳಿಯಲು ಹೊರಟ ಸಮೀಕ್ಷೆ ಅದು. ಯಾರು ಬೇಕಾದರೂ ಬರಬಹುದಿತ್ತು.

ಪರದೆಯ ಹಿಂದೆ ಟೇಪು ಹಿಡಿದು ನಿಂತವಳಿಗೆ ಇಪ್ಪತ್ತಾರು ವರ್ಷ. ಸಾಲಿನವರ ಬಾಯಲ್ಲಿ ಆಗಲೇ ‘ಅಳತೆಯಮ್ಮ’ ಆಗಿದ್ದಳು. ಉಸಿರು ಬಿಟ್ಟಾಗ ಎರಡು ಸಲ ಅಳೆಯುವುದು, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ: ಈ ನಿಯಮವನ್ನು ಬೆಳಿಗ್ಗೆಯೇ ಎಲ್ಲರಿಗೂ ಕೇಳಿಸುವಂತೆ ಹೇಳಿದ್ದಳು. ಸೊಂಟ ಎಲ್ಲಿದೆಯೋ ನೀನೇ ಹುಡುಕಿಕೋ ತಾಯಿ, ನನ್ನ ಕೈಗೆ ಸಿಕ್ಕದೆ ಇಪ್ಪತ್ತು ವರ್ಷವಾಯಿತು ಎಂದು ನಕ್ಕ ಒಬ್ಬಾಕೆ, ಆ ನಗುವಿನಿಂದಲೇ ಮೂರನೆಯ ಸಲ ನಿಲ್ಲಬೇಕಾಯಿತು.

ಹದಿನೇಳನೆಯವಳಾಗಿ ಪರದೆ ಸರಿಸಿ ಬಂದದ್ದು ಅಳತೆಯಮ್ಮನ ಸ್ವಂತ ತಾಯಿ. ಎರಡು ಬಸ್ಸು ಬದಲಿಸಿ ಬರುವಷ್ಟು ದೂರದ ಮನೆ.

ಗೊತ್ತಾದ ಮದುವೆ ಒಲ್ಲೆನೆಂದು ಮಗಳು ಮನೆ ಬಿಟ್ಟಂದಿನಿಂದ, ಮೂರು ವರ್ಷ, ತಾಯಿ ಮಾತು ಬಿಟ್ಟಿದ್ದಳು. ಫೋನು ಎತ್ತುತ್ತಿದ್ದಳು, ಉಸಿರಷ್ಟೇ ಕೇಳಿಸಿ ಇಟ್ಟುಬಿಡುತ್ತಿದ್ದಳು. ಆ ಉಸಿರಿಗಾಗಿಯೇ ಮಗಳು ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು.

ಈಗಲೂ ತಾಯಿಯ ಕಣ್ಣು ಗೋಡೆಯ ಮೇಲೆಯೇ. ಚೀಟಿಯಲ್ಲಿ ವಯಸ್ಸು ಐವತ್ತೆಂಟು, ತೂಕ ಅರವತ್ತೆರಡು. ನೆನಪಿನ ತಾಯಿ ತೋಳು ತುಂಬಿದವಳು. ಎದುರು ನಿಂತವಳ ತೋಳು ಸೊರಗಿ, ಹೊಟ್ಟೆ ಮುಂದೆ ಬಂದಿತ್ತು. ಈ ವಯಸ್ಸಿನ ಹೆಂಗಸರಲ್ಲಿ ಇದು ಸಹಜ ಎಂದು ಮಗಳು ಎಷ್ಟೋ ಜನಕ್ಕೆ ಸಮಾಧಾನ ಹೇಳಿದ್ದಳು, ತನಗೆ ಹೇಳಿಕೊಳ್ಳಲಾಗಲಿಲ್ಲ.

ಟೇಪು ಸುತ್ತಬೇಕಾದರೆ ಎರಡೂ ತೋಳು ಬಳಸಬೇಕು. ಕೆನ್ನೆ ತಾಯಿಯ ಭುಜದ ಹತ್ತಿರಕ್ಕೆ ಬಂತು. ತೊಂಬತ್ತೊಂದು. ಬರೆದುಕೊಂಡಳು. ಇನ್ನು ಒಂದೇ ಸಲ ಎಂದುಕೊಂಡು, ಎರಡನೆಯದನ್ನು ಆದಷ್ಟು ನಿಧಾನವಾಗಿ ಸುತ್ತಿದಳು. ತಾಯಿ ಹೊಟ್ಟೆಯನ್ನು ಒಳಗೆಳೆದುಕೊಂಡಳು. ಎಂಬತ್ತೇಳು.

“ಉಸಿರು ಬಿಡಮ್ಮ. ವ್ಯತ್ಯಾಸ ಬಂತು.”

“ಬರ್ಲಿ,” ಎಂದಳು ತಾಯಿ, ಗೋಡೆಗೇ ಹೇಳುವಂತೆ. “ಹಾಗಾದ್ರೆ ಇನ್ನೊಂದ್ಸಲ ಅಂತ ನೀನೇ ಅಂದ್ಯಲ್ಲ. ಅವಸರ ಮಾಡ್ಬೇಡ.”

ಮಗಳು ಮತ್ತೆ ತೋಳು ಬಳಸಿದಳು. ಭಾನುವಾರದ ಆ ಉಸಿರು ಕಿವಿಯ ಪಕ್ಕದಲ್ಲೇ, ಪೂರ್ತಿಯಾಗಿ, ಹೊರಬಂತು.

ಮೂರನೆಯ ಅಳತೆ: ತೊಂಬತ್ತೊಂದು ಸೆಂಟಿಮೀಟರ್.