ಹುಳುವಿಗೆ ಕೊಡುವ ನಿದ್ದೆ ಗಂಗಾಲಕ್ಷ್ಮಿಗೆ ಏಕಿಲ್ಲ?

ನಾನು ಮುತ್ಯಾಲಮ್ಮ, ತಾಯಲೂರು ಹತ್ತಿರದ ಹಳ್ಳಿಯೊಂದರ ಆಶಾ ಕಾರ್ಯಕರ್ತೆ. ಹೋದ ತಿಂಗಳು ಒಂದು ಬೆಳಿಗ್ಗೆ ರೇಷ್ಮೆ ಹುಳು ಸಾಕುವ ಕದಿರಪ್ಪನ ಮನೆ ಮುಂದೆ ಹೋಗುವಾಗ ಅವನ ಕೂಗು ಬೀದಿಗೇ ಕೇಳಿಸಿತು.

"ಹುಳ ಜ್ವರಕ್ಕೆ ಕೂತಿರೋದು ಕಾಣಲ್ವೇನೇ? ಅವುಗಳ ಮೇಲೇ ಸೊಪ್ಪು ಹಾಕಿದ್ದೀಯಲ್ಲ."

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಒಂದು ದಿನ ಮೇವು ಮುಟ್ಟದೆ, ಅಲ್ಲಾಡದೆ ಇರುತ್ತದೆ. ಅದನ್ನೇ ನಾವು ಜ್ವರ ಎನ್ನುವುದು. ಆಗ ಸೊಪ್ಪು ಹಾಕಿದರೆ ಬೆಳೆ ಕೆಡುತ್ತದೆಂದು ಹತ್ತು ವರ್ಷದಿಂದ ಹುಳು ಸಾಕುವ ಅವನ ಹೆಂಡತಿ ಗಂಗಾಲಕ್ಷ್ಮಿಗೆ ಗೊತ್ತಿಲ್ಲವೇ? ಒಳಗೆ ಹೋಗಿ ನೋಡಿದರೆ ಅವಳ ಕಣ್ಣು ಕೆಂಪಗಿತ್ತು. ನಿಂತಲ್ಲೇ ತೂಕಡಿಸುತ್ತಿದ್ದಳು.

"ರಾತ್ರಿ ಎಷ್ಟೊತ್ತಿಗೆ ಮಲಗಿದೆಯಮ್ಮ?" ಎಂದೆ.

"ಒಂದು ಗಂಟೆ ಆಗಿತ್ತಕ್ಕ. ಫೋನ್ ನೋಡ್ತಾ ಇದ್ದೆ. ಎದ್ದಿದ್ದು ಐದಕ್ಕೆ."

"ದಿನಾ ಇದೇ," ಎಂದ ಕದಿರಪ್ಪ. "ಆ ಫೋನ್ ಕಿತ್ಕೊಂಡ್ರೆ ಸರಿಹೋಗ್ತಾಳೆ."

ಗಂಗಾಲಕ್ಷ್ಮಿ ಸಿಡಿದಳು. "ಬೆಳಿಗ್ಗೆಯಿಂದ ಸೊಪ್ಪು, ಅಡುಗೆ, ಹಸು, ಪಾತ್ರೆ. ಮುಗಿಯೋಕೆ ಹತ್ತೂವರೆ ಆಗುತ್ತೆ. ಆಮೇಲಿನ ಹೊತ್ತೊಂದೇ ನಂದು. ಅದನ್ನೂ ಮಲಗಿ ಕಳ್ಕೋಬೇಕಾ?"

ನನಗೆ ಮೈಯೆಲ್ಲ ಉರಿಯಿತು.

"ಕದಿರಪ್ಪ, ಹುಳ ಜ್ವರಕ್ಕೆ ಕೂತ್ರೆ ಚಪ್ಪಲಿ ಹೊರಗೆ ಬಿಟ್ಟು ಮೆಲ್ಲಗೆ ನಡೀತೀಯ. ಇವಳು ಕೂತ್ರೆ ನೀರು ತಾ ಅಂತೀಯ. ಹಗಲಲ್ಲಿ ಒಂದು ಗಂಟೆ ಇವಳನ್ನ ಇವಳ ಪಾಡಿಗೆ ಬಿಟ್ಟಿದ್ದೀಯಾ? ಮತ್ತೆ ಫೋನಿನ ಮೇಲೆ ಯಾಕೆ ಕೋಪ?"

ಅವಳನ್ನೂ ಬಿಡಲಿಲ್ಲ. "ನೀನು ಇವನ ಮೇಲಿನ ಸಿಟ್ಟಿಗೆ ನಿನ್ನ ನಿದ್ದೇನೇ ಕದೀತಿದ್ದೀಯ. ಇವನು ಗೊರಕೆ ಹೊಡೀತಾನೆ. ತಲೆನೋವು ನಿಂಗೆ, ಬೈಗುಳಾನೂ ನಿಂಗೆ."

ಕದಿರಪ್ಪ ಹುಳುಗಳ ಮೇಲಿನ ಸೊಪ್ಪನ್ನು ಒಂದೊಂದೇ ತೆಗೆಯತೊಡಗಿದ. "ಸರಿ ಅಕ್ಕ. ಸಾಯಂಕಾಲದ ಸೊಪ್ಪು ನಾನು ಹಾಕ್ತೀನಿ, ಪಾತ್ರೇನೂ ತೊಳೀತೀನಿ. ಏಳರಿಂದ ಎಂಟು ಇವಳದ್ದು."

"ನಾಳೆಗೇ ಮರೀತಾನೆ," ಎಂದಳು ಗಂಗಾಲಕ್ಷ್ಮಿ.

"ಮರೆತರೆ ನನ್ನ ಕರಿ," ಎಂದೆ.

ಕರೆಯಲಿಲ್ಲ. ಈಗ ಅವಳು ಹತ್ತಕ್ಕೆ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗಿಟ್ಟು ಮಲಗುತ್ತಾಳೆ. ನಿನ್ನೆ ಸಂಜೆ ಏಳೂಕಾಲಿಗೆ ನಾನು ಬಾಗಿಲಲ್ಲಿ ಅವಳ ಹೆಸರು ಕೂಗಿದರೆ, ಕದಿರಪ್ಪ ಒದ್ದೆ ಕೈಯಲ್ಲೇ ಬಂದ. "ಎಂಟಕ್ಕೆ ಬಾ ಅಕ್ಕ. ಇದು ಅವಳ ಹೊತ್ತು," ಎಂದ. ನಾನು ಖುಷಿಯಿಂದಲೇ ವಾಪಸ್ಸು ಬಂದೆ.

ಅಕ್ಕತಂಗಿಯರೇ, ನಿಮ್ಮ ಹೊತ್ತನ್ನು ಹಗಲಲ್ಲೋ ಸಂಜೆಯಲ್ಲೋ ಕೇಳಿ ಪಡೆಯಿರಿ, ನಿದ್ದೆಯಿಂದ ಕಿತ್ತುಕೊಳ್ಳಬೇಡಿ. ರಾತ್ರಿ ಕಡಿಮೆಯೆಂದರೂ ಏಳು ಗಂಟೆ ಕಾಲ ನಿದ್ದೆ ಮಾಡಿ, ದಿನಾ ಒಂದೇ ಹೊತ್ತಿಗೆ ಮಲಗಿ. ಗಂಡಸರೇ, ಹುಳುಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಮರ್ಯಾದೆ ನಿಮಗೆ ಗೊತ್ತೇ ಇದೆ. ಇವತ್ತಿನಿಂದ ಅದನ್ನು ಹೆಂಡತಿಗೂ ತೋರಿಸಿ.