ಕುಕ್ಕರಿನ ಕುಲಗೋತ್ರ

ಗಜೇಂದ್ರಗಡದ ಪೇಟೆಯಲ್ಲಿ ಈಶಪ್ಪನ ಕಿರಾಣಿ ಅಂಗಡಿ ಯಾವುದೆಂದು ಕೇಳಿದರೆ ಬೀದಿಯ ದನವೂ ದಾರಿ ತೋರಿಸೀತು. ಆದರೆ ಅವನ ಹೆಂಡತಿ ಸಿದ್ದಲಿಂಗವ್ವನಿಗೂ ಒಂದು ಅಂಗಡಿ ಇತ್ತೆಂಬುದು ಹೆಂಗಸರಿಗೆ ಮಾತ್ರ ಗೊತ್ತು. ಅದಕ್ಕೆ ಬಾಗಿಲಿಲ್ಲ, ಬೋರ್ಡಿಲ್ಲ, ತಕ್ಕಡಿಯಿಲ್ಲ. ಇಡೀ ಅಂಗಡಿ ಸೊಸೆ ಶ್ವೇತಾಳ ಮೊಬೈಲಿನೊಳಗೆ ಕೂತಿತ್ತು.

ಮಾಲು ಯಾವುದು ಅಂತೀರಾ? ಆಯೇರದ್ದು. ನಮ್ಮ ಕಡೆ ಮದುವೆಗೆ ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ, ಆಯೇರ ಅಂತ ಏನಾದರೊಂದು ಉಡುಗೊರೆ ಮಾಡಲೇಬೇಕು. ಹಿಂದೆ ತಂಬಿಗೆ, ತಾಟು ನಡೆಯುತ್ತಿತ್ತು. ಈಗ ಮಂದಿಯ ಠೀವಿ ಬೆಳೆದಿದೆ, ಕಂಪನಿ ಮಾಲೇ ಆಗಬೇಕು. ಹೀಗಾಗಿ ಒಬ್ಬ ಮದುಮಗಳ ಮನೆಗೆ ಇಡೀ ಓಣಿಗೆ ಅನ್ನ ಬೇಯಿಸುವಷ್ಟು ಕುಕ್ಕರುಗಳು ಬಂದು ಬೀಳುತ್ತವೆ. ಕೊಡುವವರು ಸುಮ್ಮನೆ ಕೊಡುತ್ತಾರೆಯೇ? ತಮ್ಮ ಹೆಸರು, ಊರು ಎರಡನ್ನೂ ಮಷೀನಿನಲ್ಲಿ ಕೊರೆಸಿಯೇ ಕೊಡುತ್ತಾರೆ. ಪಡೆದವರು ಅದನ್ನು ಇನ್ನೊಬ್ಬರ ಮದುವೆಗೆ ದಾಟಿಸುವಾಗ ಹಳೆಯ ಹೆಸರು ತಿಕ್ಕಿಸಿ, ಅದೇ ಜಾಗದಲ್ಲಿ ತಮ್ಮ ಹೆಸರು ಹಾಕಿಸುತ್ತಾರೆ. ಬಸ್‌ಸ್ಟ್ಯಾಂಡಿನ ಹತ್ತಿರ ಮೌಲಾಸಾಬ ಎಂಬವನು ಮುಂಜಾನೆ ಹೆಸರು ಹಾಕುತ್ತಾನೆ, ಮಧ್ಯಾಹ್ನ ಹೆಸರು ಅಳಿಸುತ್ತಾನೆ. ಎರಡಕ್ಕೂ ಕೂಲಿ ಬೇರೆ ಬೇರೆ.

ಈ ಸುತ್ತಾಟ ನೋಡಿ ನೋಡಿ ಸಿದ್ದಲಿಂಗವ್ವನಿಗೆ ಒಂದು ಉಪಾಯ ಹೊಳೆಯಿತು. ನೆಂಟರಿಂದ ನೆಂಟರಿಗೆ ತಿರುಗಿಸಿ ಸಿಕ್ಕಿಬೀಳುವುದಕ್ಕಿಂತ, ಮುಖ ಪರಿಚಯವಿಲ್ಲದ ಊರಿಗೆ ಆನ್‌ಲೈನಿನಲ್ಲಿ ಮಾರಿದರೆ ಪೀಡೆ ಕಳೆಯಿತಲ್ಲ! ಸುದ್ದಿ ಕಿವಿಯಿಂದ ಕಿವಿಗೆ ಹರಿಯಿತು. ರೋಣ, ನರಗುಂದ, ಸುತ್ತಲ ಹಳ್ಳಿಗಳಿಂದ ಹೆಂಗಸರು ಚೀಲದಲ್ಲಿ ಡಬ್ಬಿ ಮುಚ್ಚಿಕೊಂಡು ಬರತೊಡಗಿದರು. ಬಂದವರಿಗೆಲ್ಲ ಅವಳದು ಒಂದೇ ಮಾತು: "ನಿನ್ನ ಹೆಸರು ನನ್ನ ಹೊಟ್ಟ್ಯಾಗ ಇರ್ತೈತಿ. ಬಾಯಿಗಿ ಬರೂದಿಲ್ಲ."

ಲಾಭವೇನು ಹೇಳಿಕೊಳ್ಳುವಂಥದ್ದಲ್ಲ. ಆದರೂ ಮದುವೆಯಾದಾಗಿನಿಂದ ಈಶಪ್ಪನ ಹೆಂಡತಿ ಎಂದೇ ಕರೆಸಿಕೊಂಡವಳಿಗೆ, ಆ ಪರದೆಯ ಮೇಲೆ 'ಸಿದ್ದಲಿಂಗವ್ವ ಸ್ಟೋರ್ಸ್' ಎಂದು ಕಂಡಾಗಲೆಲ್ಲ ಎದೆ ತುಂಬಿ ಬರುತ್ತಿತ್ತು. ದಿನಾ ಪೂಜೆ ಮುಗಿಸಿ, "ಶ್ವೇತಾ, ನಮ್ಮ ಅಂಗಡಿ ಒಂದೀಟು ತೋರ್ಸವಾ" ಅನ್ನುತ್ತಿದ್ದಳು. ಅದೊಂದು ಮಾತ್ರ ಅವಳ ಸ್ವಂತದ್ದು.

ಇಂಥ ಅಂಗಡಿಗೆ ಒಂದು ಕುಕ್ಕರು ಕಂಟಕವಾಯಿತು. 'ಅನ್ನಸಿರಿ' ಕಂಪನಿಯದು, ಒಲೆ ಮುಖ ಕಾಣದ್ದು, ಡಬ್ಬಿ ಸಮೇತ ಇದ್ದದ್ದು. ಕೊಂಡವನು ಎಲ್ಲಿಯೋ ದೂರದ ಊರಿನವನು. ಅದನ್ನು ಬೋರಲು ಹಾಕಿ ನೋಡಿದ್ದಾನೆ, ತಳದಲ್ಲಿ ತಿಕ್ಕಿದ ಗುರುತು ಕಂಡಿದೆ. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ನಿಜ, ಆದರೆ ಅವನು ರೊಕ್ಕ ಕೊಟ್ಟವನು, ಎಣಿಸಿದ. 'ಇದು ನಕಲಿ ಮಾಲು' ಎಂದು ದೂರು ಬರೆದ. ಮಾರಾಟದ ಆ್ಯಪಿನವರು ಸದ್ಯಕ್ಕೆ ಅಂಗಡಿಗೆ ಬೀಗ ಜಡಿದು, ಕುಕ್ಕರನ್ನು ವಾಪಸು ಕಳಿಸಿ, 'ಅಸಲಿ ಎಂದು ಸಾಬೀತುಪಡಿಸಿ, ವಸ್ತುವನ್ನು ತಪಾಸಣೆಗೆ ಕಳುಹಿಸಿ' ಎಂದರು.

ಆ ದಿನ ಶ್ವೇತಾ ಕೊಣ್ಣೂರಿನ ತವರಿಗೆ ಹೋಗಿದ್ದಳು. ಸಾಬೀತು ಅಂದರೆ ಏನೆಂದು ಸಿದ್ದಲಿಂಗವ್ವ ತನ್ನಷ್ಟಕ್ಕೆ ಯೋಚಿಸಿದಳು. ನಮ್ಮಲ್ಲಿ ಪಾತ್ರೆಗೆ ಜಾಮೀನು ಯಾವುದು? ಹೆಸರು! ಹೆಸರು ಕೊರೆಸಿ ಕೊಟ್ಟ ಮೇಲೆ ಕೇಳುವವರು ಯಾರು? ಸೀದಾ ಮೌಲಾಸಾಬನ ಹತ್ತಿರ ಹೋಗಿ, ಕುಕ್ಕರಿನ ಹೊಟ್ಟೆಯ ಮೇಲೆ ಎದ್ದು ಕಾಣುವಂತೆ ಕೊರೆಸಿದಳು: 'ಇದು ಖರೇ ಕಂಪನಿ ಮಾಲು. ಇದಕ್ಕೆ ನಾನು ಜವಾಬ್ದಾರಿ. ಸಿದ್ದಲಿಂಗವ್ವ ಈಶಪ್ಪ, ಗಜೇಂದ್ರಗಡ.' ಸುತ್ತ ಒಂದು ಬಳ್ಳಿಯನ್ನೂ ಬಿಡಿಸಿದ ಮೌಲಾಸಾಬ. ಅವಳು ಸಮಾಧಾನದಿಂದ ಡಬ್ಬಿ ಕಟ್ಟಿ ಕಳಿಸಿದಳು.

ತಿರುಗಿ ಬಂದ ಶ್ವೇತಾ ಕೇಳಿ ಹಣೆ ಬಡಿದುಕೊಂಡಳು. "ಅತ್ತಿ, ಏನ ಮಾಡಿಟ್ರಿ! ಕಂಪನಿ ಮಾಲಿನ ಮ್ಯಾಲೆ ಒಂದು ಗೀರೂ ಇರಬಾರದ್ರಿ."

"ಗೀರಲ್ಲವಾ ಅದು, ನನ್ನ ಹೆಸರು!" ಎಂದಳು ಸಿದ್ದಲಿಂಗವ್ವ.

ತಪಾಸಣೆಯವರಿಗೆ ಅದು ಗೀರಾಗಿಯೇ ಕಂಡಿತು. 'ವಸ್ತುವನ್ನು ಪದೇಪದೇ ತಿದ್ದಲಾಗಿದೆ' ಎಂದು ತೀರ್ಪು ಬಂತು. ಹಿಂದೆಯೇ ರೇಷ್ಮಾ ಎಂಬ ಹುಡುಗಿ ಆ್ಯಪಿನ ಕಚೇರಿಯಿಂದ ಫೋನು ಮಾಡಿದಳು. ಪುಸ್ತಕ ಓದಿದ ಹಾಗೆ ಮಾತು. "ಮೇಡಂ, ನಿಮಗೆ ಕೊನೆಯ ಅವಕಾಶ. ಮೊದಲು ಖರೀದಿಸಿದವರಿಂದ ನಿಮ್ಮವರೆಗೆ ಈ ಕುಕ್ಕರ್ ಯಾರ ಯಾರ ಕೈದಾಟಿ ಬಂತೋ, ಅವರೆಲ್ಲ ವಿಡಿಯೋದಲ್ಲಿ ಬಂದು ಹೌದು ಎನ್ನಬೇಕು. ಈ ವಾರದೊಳಗೆ."

"ಯವ್ವಾ, ಹೆಣ್ಣ ಕೊಡೂ ಮುಂದ ಸೈತ ಇಷ್ಟ ಕುಲಗೋತ್ರ ಕೇಳೂದಿಲ್ಲ ನಾವು."

"ಅರ್ಥವಾಗುತ್ತದೆ ಮೇಡಂ. ಧನ್ಯವಾದ ಮೇಡಂ," ಎಂದು ಹುಡುಗಿ ಫೋನಿಟ್ಟಳು. ಅರ್ಥವಾದವರು ಧನ್ಯವಾದ ಹೇಳಿ ಫೋನಿಡುತ್ತಾರೆಯೇ?

ಕುಕ್ಕರನ್ನು ಮಾರಲು ಕೊಟ್ಟಿದ್ದವಳು ರೋಣದ ಸಕ್ಕೂಬಾಯಿ. ಸಿದ್ದಲಿಂಗವ್ವ ಬಸ್ಸು ಹಿಡಿದು ಅವಳ ಮನೆಗೆ ಹೋದಳು. ಮಗ ಕಲ್ಲೇಶನ ಮದುವೆಯ ತಯಾರಿಯಲ್ಲಿ ಮುಳುಗಿದ್ದ ಸಕ್ಕೂಬಾಯಿ ಚಹಾ ಕೊಟ್ಟಳು, ಚೂಡಾ ಕೊಟ್ಟಳು, ವಿಡಿಯೋ ಅಂದೊಡನೆ ಯಾರಿಗೂ ಕೇಳದಂತೆ ಬಾಗಿಲು ಎಳೆದುಕೊಂಡಳು. "ಸಣ್ಣಾಗಿ ಮಾತಾಡವಾ! ಅದನ್ನ ಕೊಟ್ಟಾಕಿ ಬೆಳವಣಕಿ ಶೇಖವ್ವ. ನನ್ನ ಮಗಳ ಲಗ್ನದಾಗ ಕೊಟ್ಟಿದ್ಲು. ನಾ ಮಾರೀನಿ ಅಂತ ಗೊತ್ತಾದ್ರ ಮುಂದ ಕಲ್ಲ್ಯಾನ ಮದಿವಿಗಿ ಬರ್ತಾಳೇನು? ಬಂದ್ರೂ ಬರಿಗೈಲೆ ಬರ್ತಾಳ."

"ಕುಕ್ಕರ್ ಖರೇದ ಅಂತರ ಹೇಳ."

"ಖರೇದವಾ, ನೂರಕ್ಕ ನೂರು ಖರೇ. ವಿಡಿಯೋದಾಗ ಮಾತ್ರ ನನ್ನ ಕೇಳಬ್ಯಾಡ."

ಬೆಳವಣಕಿಯ ಶೇಖವ್ವನ ಮನೆಯಲ್ಲಿ ಸಿದ್ದಲಿಂಗವ್ವ ಸಕ್ಕೂಬಾಯಿಯ ಹೆಸರೆತ್ತಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ಅನ್ನಸಿರಿ ಕುಕ್ಕರು ಆಯೇರ ಮಾಡಲು ಯಾವ ಅಂಗಡಿಯಲ್ಲಿ ಚಲೋ ಸಿಗುತ್ತದೆ ಎಂದು ಸುತ್ತಿಬಳಸಿ ಕೇಳಿದಳು. ಶೇಖವ್ವ ನಕ್ಕುಬಿಟ್ಟಳು. "ಅಂಗಡ್ಯಾಗ ಯಾರವಾ ತಗೋತಾರ? ನನ್ನ ಹಿರೇಮಗಳ ಮದಿವ್ಯಾಗ ನರಗುಂದದ ಶಿವನಪ್ಪ ಕಾಕಾ ಕೊಟ್ಟಿದ್ದ. ಹೆಸರು ತಿಕ್ಸಿ ಒಬ್ಬಾಕಿಗೆ ದಾಟಿಸಿ ಕೈತೊಳಕೊಂಡೆ. ಇದ ನಿನ್ನ ಹೊಟ್ಟ್ಯಾಗ ಇರ್ಲಿ ಮತ್ತ!" ಆ ಹೊಟ್ಟೆಯಲ್ಲಿ ಆಗಲೇ ಮೂರು ತಾಲೂಕಿನ ಮಾನ ತುಂಬಿಕೊಂಡಿತ್ತು.

ಶಿವನಪ್ಪ ನರಗುಂದದ ದೊಡ್ಡ ಜಮೀನುದಾರ. ಅವನ ದನಿ ಅವನಿಗಿಂತ ಮುಂಚೆ ಮನೆಯಿಂದ ಹೊರಗೆ ಬರುತ್ತದೆ. ಹುಬ್ಬಳ್ಳಿಯ ಕಂಪನಿ ಅಂಗಡಿಯಲ್ಲಿ ತಾನೇ ನಿಂತು ಆಯೇರದ ಮಾಲು ಆರಿಸುವುದಾಗಿ ಎದೆಯುಬ್ಬಿಸಿ ಹೇಳಿದ. ಹಾಗಾದರೆ ಕೊಂಡದ್ದಕ್ಕೆ ಪಾವತಿ ಚೀಟಿ ಇದ್ದಾವೇನ್ರಿ ಎಂದು ಸಿದ್ದಲಿಂಗವ್ವ ಮೆಲ್ಲಗೆ ಕೇಳಿದ್ದೇ ತಡ, ಮೀಸೆ ನಿಗುರಿದವು.

"ಪಾವತಿ? ನನ್ನ ಆಯೇರಕ್ಕ ಪಾವತಿ ಕೇಳತಿ? ಶಿವನಪ್ಪ ಅಂತ ಹೆಸರು ಕೊರಸೇನಿ, ಅದಕಿಂತ ದೊಡ್ಡ ಪಾವತಿ ಬೇಕೇನು ನಿಮಗ? ನಾ ಕೊಟ್ಟದ್ದನ್ನ ಮಂದಿ ದೇವರ ಜಗಲಿ ಮ್ಯಾಲಿಟ್ಟು ಪೂಜಿ ಮಾಡ್ತಾರ!"

ಅವಳು ನಾಲಿಗೆ ಕಚ್ಚಿಕೊಂಡು ಎದ್ದಳು. ಅಂಗಳ ದಾಟುವಷ್ಟರಲ್ಲಿ ಶಿವನಪ್ಪನೇ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದ. ಆಚೀಚೆ ನೋಡಿದ. ಅವನಿಗೆ ಅಷ್ಟು ಸಣ್ಣ ದನಿ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. "ತಂಗಿ, ನಮ್ಮನ್ಯಾಗ ಒಂದು ಇಸ್ತ್ರಿಪೆಟಗಿ ಸುಮ್ಮ ಬಿದ್ದೈತಿ. ಬೀಗರ ಕೊಟ್ಟದ್ದು. ನಿನ್ನ ಅಂಗಡಿ ಸುದ್ದಿ ನಮ್ಮನಿ ಹೆಂಗಸ್ರು ಹೇಳ್ಯಾರ. ಯಾರಿಗೂ ಗೊತ್ತಾಗಧಂಗ ನಿನ್ನ ಅಂಗಡ್ಯಾಗ ಇಡಾಕ ಬರ್ತೈತೇನು?"

ಬಸ್ಸಿನಲ್ಲಿ ಕೂತು ಅವಳಿಗೆ ನಗುವೂ ಬಂತು, ಅಳುವೂ ಬಂತು. ಕುಕ್ಕರು ಅಸಲಿ ಎಂದು ಮೂರು ಮನೆಯವರಿಗೂ ಗೊತ್ತು. ಹೇಳುವುದಕ್ಕೆ ಮಾತ್ರ ಒಂದು ನಾಲಿಗೆಯೂ ಏಳದು.

ವಾರದ ಕೊನೆಗೆ ರೇಷ್ಮಾ ಮತ್ತೆ ಫೋನು ಮಾಡಿದಳು. "ಮೇಡಂ, ವಿಡಿಯೋ ಬೇಡ. ಹೆಸರು ಮತ್ತು ನಂಬರ್ ಕೊಡಿ ಸಾಕು, ನಾವೇ ವಿಚಾರಿಸುತ್ತೇವೆ."

"ಕೊಟ್ಟುಬಿಡ್ರಿ ಅತ್ತಿ," ಎಂದಳು ಶ್ವೇತಾ. "ಅವರೇನು ನಮಗ ಅಂಗಡಿ ತಗದು ಕೊಡ್ತಾರ?"

ಸಿದ್ದಲಿಂಗವ್ವ ಪರದೆಯ ಮೇಲಿನ ತನ್ನ ಹೆಸರನ್ನು ನೋಡಿದಳು. ಅದನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅನ್ನಿಸಿತು. ಹೆಸರುಗಳು ನಾಲಿಗೆಯ ತುದಿಯವರೆಗೆ ಬಂದವು. "ಇಲ್ಲವಾ," ಎಂದಳು ಕಡೆಗೆ. "ನಂಬಿ ಕೊಟ್ಟಾರ. ನಾ ಹೇಳೂದಿಲ್ಲ." ಫೋನು ಸೊಸೆಯ ಕೈಗಿಟ್ಟು ಹಿತ್ತಲಿಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆಯುತ್ತಾ ಅತ್ತಳು. ಅಂಗಡಿ ಕಾಯಂ ಮುಚ್ಚಿತು. ಅದರ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ 'ನಕಲಿ ಮಾಲು ಮಾರಾಟ' ಎಂದು ಕೂತಿತು.

ಅದನ್ನು ಯಾರು ಮೊದಲು ನೋಡಿದರೋ, ಶಿವನೇ ಬಲ್ಲ. ಎರಡು ದಿನದಲ್ಲಿ ಎಲ್ಲರ ವಾಟ್ಸಾಪಿನಲ್ಲೂ ಅದೇ ಚಿತ್ರ. ಸಿದ್ದಲಿಂಗವ್ವ ಖೊಟ್ಟಿ ಮಾಲು ಮಾರುತ್ತಿದ್ದಳಂತೆ ಎಂಬ ಮಾತು ಬಾವಿಕಟ್ಟೆ, ಗಿರಣಿ, ಬಸ್‌ಸ್ಟ್ಯಾಂಡು ಸುತ್ತಿತು. ಈಶಪ್ಪನೂ, "ನನ್ನ ಅಂಗಡಿ ಹೆಸರೂ ಕೆಡಿಸಿದಿ" ಎಂದು ಮುಖ ತಿರುಗಿಸಿದ.

ಇಷ್ಟಾದರೂ ಕಲ್ಲೇಶನ ಮದುವೆ ತಪ್ಪಿಸುವಂತಿರಲಿಲ್ಲ. ರೋಣದ ಕಲ್ಯಾಣಮಂಟಪ ತುಂಬಿ ತುಳುಕುತ್ತಿತ್ತು. ಅಕ್ಷತೆ ಬಿದ್ದ ಮೇಲೆ ಆಯೇರ ಶುರುವಾಯಿತು. ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಕೂಗಲು, ದನಿ ದೊಡ್ಡದೆಂದು ಶಿವನಪ್ಪನನ್ನೇ ಕೂರಿಸಿದ್ದರು. ಸಿದ್ದಲಿಂಗವ್ವ ಹೊಸ ಕುಕ್ಕರಿನ ಡಬ್ಬಿ ಹಿಡಿದು ವೇದಿಕೆ ಹತ್ತಿದಳು.

"ಗಜೇಂದ್ರಗಡದ ಸಿದ್ದಲಿಂಗವ್ವನವರಿಂದ ಒಂದು ಕುಕ್ಕರ್!" ಎಂದು ಕೂಗಿದ ಶಿವನಪ್ಪ, ಮಂದಿಯನ್ನು ನಗಿಸುವ ಹುಕಿಗೆ ಬಿದ್ದು, "ಖರೇದೋ ಖೊಟ್ಟಿಯೋ, ಆನ್‌ಲೈನ್ನ್ಯಾಗ ಕೇಳಿ ಇಟ್ಕೋಪಾ ಕಲ್ಲ್ಯಾ!" ಎಂದ.

ಮಂಟಪವೆಲ್ಲ ಹೋ ಎಂದಿತು. ಮುಂದಿನ ಸಾಲಿನಲ್ಲಿ ಶೇಖವ್ವ ತೊಡೆ ತಟ್ಟಿಕೊಂಡು ನಕ್ಕಳು. ಮದುಮಗನ ಪಕ್ಕದಲ್ಲೇ ನಿಂತ ಸಕ್ಕೂಬಾಯಿ ಸೆರಗು ಬಾಯಿಗಿಟ್ಟುಕೊಂಡರೂ ಹೆಗಲು ಕುಣಿಯುತ್ತಿದ್ದವು. ಅದನ್ನು ಕಂಡು ಸಿದ್ದಲಿಂಗವ್ವನ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಕೆಳಗಿಟ್ಟು ಶಿವನಪ್ಪನ ಕೈಯಿಂದ ಮೈಕು ಕಸಿದಳು.

"ನನ್ನ ಅಂಗಡಿ ಮುಚ್ಚಿದ ಕುಕ್ಕರ್ ಯಾರ ಮನ್ಯಾಗಿಂದ ಬಂತು, ಅದಕಿಂತ ಮೊದಲ ಯಾರ ಮನ್ಯಾಗ ಇತ್ತು, ಎಲ್ಲಾ ಗೊತ್ತೈತಿ ನನಗ. ನನ್ನ ಕೈಯಾಗ ಯಾರ್‍ಯಾರು ಏನೇನು ಮಾರಾಕ ಕೊಟ್ರಿ, ಅದೂ ಗೊತ್ತೈತಿ. ಒಂದೊಂದ ಹೆಸರು ಹೇಳಲೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಮಂಟಪದಲ್ಲಿ ಹೆಗಲು ಮುಟ್ಟಿಕೊಳ್ಳದವರೇ ಇರಲಿಲ್ಲ. ಸಕ್ಕೂಬಾಯಿಯ ಸೆರಗು ಬಾಯಿಂದ ಜಾರಿತು, ಶೇಖವ್ವ ತಾನು ಕೂತ ಕುರ್ಚಿಯ ಕೆಳಗೆ ಏನೋ ಹುಡುಕತೊಡಗಿದಳು.

"ಬ್ಯಾಡ ಬ್ಯಾಡ! ಖರೇದ!" ಎಂದು ಎಲ್ಲರಿಗಿಂತ ಮೊದಲು ಒದರಿದವನು ಶಿವನಪ್ಪ. "ಸಿದ್ದಲಿಂಗವ್ವನ ಮಾಲು ಅಂದ್ರ ಖರೇದ ಇರ್ತೈತಿ!"

"ಖರೇದವಾ, ಬಂಗಾರದಂಥಾದ್ದು!" ಎಂದಳು ಸಕ್ಕೂಬಾಯಿ. "ನಾ ಆಣಿ ಮಾಡಿ ಹೇಳ್ತೇನಿ!" ಎಂದಳು ಶೇಖವ್ವ. ಸಾಲು ಸಾಲಾಗಿ ಹೆಂಗಸರು ಎದ್ದು ನಿಂತು ಖರೇದ, ಖರೇದ ಎಂದು ಕೈಮುಗಿದರು. ಮೂಲೆಯಲ್ಲಿದ್ದ ವಿಡಿಯೋದವನು ಇದನ್ನೆಲ್ಲ ಬಿಡದೆ ಹಿಡಿಯುತ್ತಿದ್ದ.

ಸಿದ್ದಲಿಂಗವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸಿಟ್ಟು ಇಳಿಯಿತು.

"ಇದ ಒಂದು ಮಾತು ಹೋದ ವಾರ ಹೇಳಿದ್ರ ನನ್ನ ಅಂಗಡಿ ಉಳೀತಿತ್ತಲ್ರವಾ," ಎಂದಳು.

ಅವಳು ಮೈಕನ್ನು ಶಿವನಪ್ಪನ ಕೈಗಿಟ್ಟು ಕೆಳಗಿಳಿದಳು. ಅವನು ಗಂಟಲು ಸರಿಮಾಡಿಕೊಂಡು ಮುಂದಿನ ಆಯೇರದ ಹೆಸರು ಕೂಗಿದ.