ಗೋಡೆಯಾಚೆ ಕ್ಲೈವ್

"ಅವನಿಗೆ ಹೇಳು, ಎರಡಕ್ಕೆ ಪಬ್‌ನೋರು ಅಡುಗೆಮನೆ ಮುಚ್ತಾರೆ. ತಡ ಮಾಡಿದ್ರೆ ಅವನ ಪೈ ನಾನೇ ತಿಂದು ಮುಗಿಸ್ತೀನಿ!"

ಬೆಟ್ಟದ ನಡಿಗೆ ಗುಂಪಿನ ಮುಂದಾಳು ಗ್ಲೆನಿಸ್ ಕೂಗಿ ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಆಮೇಲೆ ಆ ಒಂಬತ್ತು ಜನ ಮಂಜಿನೊಳಗೆ ಇಳಿದು ಕಾಣದಾದರು. ಮ್ಯೂರಿಯಲ್ ಒಬ್ಬಳೇ ಉಳಿದಳು.

ಇವತ್ತು ಎಲ್ಲರಿಗಿಂತ ಹಿಂದೆ ನಡೆಯುವ ಪಾಳಿ ಅವಳದು. ಗುಂಪಿನ ನಿಯಮವೆಂದರೆ, ಯಾರಿಗಾದರೂ ಬಯಲಿಗೆ ಹೋಗುವ ಅವಸರವಾದರೆ ಚೀಲವನ್ನು ದಾರಿಯಲ್ಲೇ ಇಟ್ಟು ಮರೆಗೆ ಹೋಗಬೇಕು; ಅವರು ಬಂದು ಚೀಲ ಎತ್ತಿಕೊಳ್ಳುವವರೆಗೆ ಹಿಂದಿನವರು ಕದಲಬಾರದು. ಕ್ಲೈವನ ಚೀಲ ಕಲ್ಲುಗೋಡೆಯ ಪಕ್ಕದಲ್ಲಿತ್ತು. ಮ್ಯೂರಿಯಲ್ ಮರ್ಯಾದೆಯಿಂದ ಗೋಡೆಗೆ ಬೆನ್ನು ಹಾಕಿ ನಿಂತಳು.

ಹತ್ತು ನಿಮಿಷವಾಯಿತು. ಕೆಮ್ಮಿದಳು. ಸುಮ್ಮನೆ ಜೋರಾಗಿ ಹಾಡು ಗುನುಗಿದಳು.

"ಕ್ಲೈವ್, ಎಲ್ಲಾ ಸರಿ ತಾನೆ?"

ಮತ್ತೊಮ್ಮೆ ಕೂಗಿದಳು. ಪಾಪ, ನಾಚಿಕೆಯಿರಬೇಕು. ಇಣುಕಿ ನೋಡಿದರೆ ಮುಂದಿನ ಚಳಿಗಾಲದವರೆಗೂ ಗುಂಪಿಗೆ ನಗಲು ಅದೊಂದೇ ಸಾಕು. ಆದರೆ ಕ್ಲೈವ್ ಹೋದ ತಿಂಗಳು ಹೇಳಿದ್ದು ಅವಳ ತಲೆಯಿಂದ ಹೋಗುತ್ತಿರಲಿಲ್ಲ: "ಎದೆಗೆ ಸ್ಟೆಂಟ್ ಹಾಕಿದಾರೆ. ಗ್ಲೆನಿಸ್‌ಗೆ ಹೇಳ್ಬೇಡ ಮಾರಾಯ್ತಿ, ಗೊತ್ತಾದ್ರೆ ನನ್ನನ್ನ ಕಾರಲ್ಲಿ ಕೂರಿಸಿ ನೇರ ಪಬ್‌ಗೇ ಕಳಿಸ್ತಾಳೆ." ಅವಳು ಯಾರಿಗೂ ಹೇಳಿರಲಿಲ್ಲ. ಹೇಳಬೇಕಿತ್ತು ಎಂದು ಈಗ ಅನ್ನಿಸಿತು. ಫೋನ್ ತೆಗೆದು ನೋಡಿದಳು. ಈ ಕಣಿವೆಯಲ್ಲಿ ಯಾವತ್ತೂ ಸಿಗ್ನಲ್ ಇರುವುದಿಲ್ಲ.

ಹದಿನಾಲ್ಕನೇ ನಿಮಿಷಕ್ಕೆ ಅವಳು ಗೋಡೆ ಹತ್ತಿದಳು.

ಕ್ಲೈವ್ ಹಿಮದ ಮೇಲೆ ಗೋಡೆಗೆ ಒರಗಿ ಬಿದ್ದಿದ್ದ. ಪ್ಯಾಂಟು ಮೊಣಕಾಲಲ್ಲಿತ್ತು. ಮುಖ ಬೂದಿಯಂತಾಗಿತ್ತು, ಕಣ್ಣು ತೆರೆದೇ ಇತ್ತು.

"ಬರ್ಬೇಡ... ಆ ಕಡೆ ತಿರುಗು."

"ಕರೆದಿದ್ದು ಕೇಳಿಸ್ಲಿಲ್ವೇನೋ?"

"ಕೇಳಿಸ್ತು."

"ಮತ್ತೆ?"

"ಈ ಅವಸ್ಥೇಲಿ ನಿನ್ನ ಹೇಗೆ ಕರೀಲಿ? ಎದೆ ಹಿಂಡ್ತಿದೆ, ಮ್ಯೂರಿಯಲ್."

ಅವಳು ಆಚೆ ಇಳಿದು ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟಳು. ಅವನು ಅವಳ ತೋಳು ಹಿಡಿದುಕೊಂಡ. ಹಿಡಿತದಲ್ಲಿ ಬಲವೇ ಇರಲಿಲ್ಲ.

"ಈಗ್ಲೇ ಬೇಡ. ಎಲ್ಲರೂ ಓಡಿ ಬರ್ತಾರೆ. ಮೊದ್ಲು ಪ್ಯಾಂಟು."

"ಹುಚ್ಚಾ ನಿನಗೆ? ಒಂದೊಂದು ನಿಮಿಷಾನೂ..."

"ನಿನ್ನ ದಮ್ಮಯ್ಯ ಅಂತೀನಿ."

ಅವನು ಯಾರಿಗೂ ಹಾಗೆ ಬೇಡಿಕೊಂಡವನಲ್ಲ. ಮ್ಯೂರಿಯಲ್ ಸೀಟಿ ಬಿಟ್ಟು ಕೈಗವಸನ್ನು ಹಲ್ಲಿನಿಂದ ಎಳೆದು ಕಿತ್ತಳು. ಅವನ ಕಂಕುಳಿಗೆ ಹೆಗಲು ಕೊಟ್ಟು ಎತ್ತಿದಳು, ಎಳೆದಳು, ಮತ್ತೆ ಎತ್ತಿದಳು. ತಾನೀಗ ಅವನನ್ನು ಕೊಲ್ಲುತ್ತಿದ್ದೇನೆ ಎಂಬ ಭಯದಲ್ಲೇ ಪ್ಯಾಂಟಿನ ಗುಂಡಿ ಹಾಕಲು ನೋಡಿದಳು; ಅದು ತೂತಿಗೆ ಸೇರುತ್ತಿರಲಿಲ್ಲ.

"ಹೊಟ್ಟೆ ಒಳಗೆಳ್ಕೋ!"

"ಎಳ್ಕೊಂಡೇ ಇದೀನಿ," ಎಂದ. ಉಸಿರು ತುಂಡು ತುಂಡಾಗಿ ಬರುತ್ತಿತ್ತು.

ಗುಂಡಿ ಒಳಗೆ ಹೋಯಿತು. ಕ್ಲೈವ್ ಕಣ್ಣು ಮುಚ್ಚಿದ. "ಈಗ ಊದು."

ಆರು ಸಲ ಊದಿದಳು. ಬೆಟ್ಟದಲ್ಲಿ ಅದು ಅಪಾಯದ ಸನ್ನೆ; ಊದಿ ಒಂದು ನಿಮಿಷ ಕಾಯಬೇಕು. ಕೇಳಿಸಿಕೊಂಡವರು ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಮಂಜಿನಲ್ಲಿ ಯಾವ ಸದ್ದೂ ಇರಲಿಲ್ಲ. ಅವರು ಇಷ್ಟು ಹೊತ್ತಿಗೆ ಪಬ್‌ನ ಬೆಂಕಿಯ ಮುಂದೆ ಬೂಟು ಬಿಚ್ಚುತ್ತಿರಬಹುದು. ತನ್ನ ಕೋಟನ್ನು ಅವನಿಗೆ ಹೊದಿಸಿ ಮತ್ತೆ ಆರು ಸಲ ಊದಿದಳು. ಗಡಿಯಾರದ ಮುಳ್ಳು ನೋಡುತ್ತ ಕೂತಳು.

ಕೋಟಿನ ಅಡಿಯಲ್ಲಿ, ಅವಳು ಹಾಕಿದ ಗುಂಡಿಯನ್ನು ಕ್ಲೈವನ ಕೈ ಮುಚ್ಚಿಕೊಂಡೇ ಇತ್ತು.